ಬ್ರೂಕ್ನರ್‌ನ ಐದು ದನಿಗಳು

ಆಂಟನ್ ಬ್ರೂಕ್ನರ್ (1824–1896) ಹೆಸರು ಕೇಳಿದೊಡನೆ ನೆನಪಾಗುವುದು ಸಿಂಫನಿ. ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಮೀರಿ ಸಾಗುವ, ಹಿತ್ತಾಳೆ ವಾದ್ಯಗಳ ಅಬ್ಬರದಲ್ಲಿ ಗೋಪುರದಂತೆ ಏಳುವ ಸಂಗೀತ. ಆಸ್ಟ್ರಿಯಾದ ಆನ್ಸ್‌ಫೆಲ್ಡನ್ ಎಂಬ ಊರಲ್ಲಿ ಶಾಲಾ ಮೇಷ್ಟರ ಮಗನಾಗಿ ಹುಟ್ಟಿ, ಸೇಂಟ್ ಫ್ಲೋರಿಯನ್ ಮಠದಲ್ಲೂ ಲಿಂಟ್ಸ್ ನಗರದ ಚರ್ಚಿನಲ್ಲೂ ಆರ್ಗನ್ ನುಡಿಸಿ, ನಲವತ್ತು ದಾಟಿದ ಮೇಲೆ ವಿಯೆನ್ನಾ ಸೇರಿದವನು ಅವನು. ಇಂಥವನು ತನ್ನ ಪ್ರೌಢಾವಸ್ಥೆಯಲ್ಲಿ ಬರೆದ ದೊಡ್ಡ ಚೇಂಬರ್ ಕೃತಿ, ಅಂದರೆ ಕೆಲವೇ ವಾದ್ಯಗಳಿಗೆಂದು ರಚಿಸಿದ ಕೃತಿ, ಒಂದೇ ಒಂದು: ಎಫ್ ಮೇಜರ್ ಸ್ವರನೆಲೆಯ ಸ್ಟ್ರಿಂಗ್ ಕ್ವಿಂಟೆಟ್. ಎರಡು ಪಿಟೀಲು, ಎರಡು ವಯೋಲಾ, ಒಂದು ಚೆಲ್ಲೊ, ಸುಮಾರು ಮುಕ್ಕಾಲು ಗಂಟೆ. 1878ರ ಡಿಸೆಂಬರಿನಲ್ಲಿ ಶುರುವಾಗಿ ಮರುವರ್ಷದ ಜುಲೈಗೆ ಮುಗಿದ ಈ ಕೃತಿಯ ಬಗ್ಗೆ ಹಳೆಯ ತೀರ್ಪೊಂದು ಇಂದಿಗೂ ಓಡಾಡುತ್ತಿದೆ. ಇದು ಐದು ವಾದ್ಯಗಳೊಳಗೆ ತುರುಕಿದ ಸಿಂಫನಿ, ಆರ್ಗನ್ ವಾದಕನ ಕೈಗೆ ತಂತಿವಾದ್ಯದ ಆಪ್ತತೆ ದಕ್ಕಲಿಲ್ಲ ಎಂಬುದು ಆ ತೀರ್ಪು. ಅದು ತಪ್ಪು ಎಂದು ನನಗೆ ಮನವರಿಕೆಯಾಗುವುದು ಲಾರ್ಕಿಬುಡೆಲ್ಲಿ ಎಂಬ ತಂಡ 1990ರ ದಶಕದಲ್ಲಿ ಸೋನಿ ಕಂಪನಿಗಾಗಿ ಮಾಡಿದ ಧ್ವನಿಮುದ್ರಣವನ್ನು ಕೇಳುವಾಗ.

ತಂಡದ ಹೆಸರಿನಲ್ಲೇ ಅದರ ಹಾದಿ ಇದೆ. ಇಟಾಲಿಯನ್ ಭಾಷೆಯ ಕಮಾನು ಮತ್ತು ಕರುಳು ಎಂಬೆರಡು ಪದಗಳನ್ನು ಬೆಸೆದು ಕಟ್ಟಿದ ಹೆಸರು ಅದು. ಡಚ್ ಚೆಲ್ಲೊ ವಾದಕ ಆನ್ನರ್ ಬಿಲ್ಸ್ಮಾ ಮತ್ತು ಪಿಟೀಲು ವಾದಕಿ ವೇರಾ ಬೆತ್ಸ್ ಇದರ ಜೀವಾಳವಾಗಿದ್ದರು. ಬ್ರೂಕ್ನರ್ ಕಾಲದಲ್ಲಿ ಪಿಟೀಲಿಗೆ ಕಟ್ಟುತ್ತಿದ್ದದ್ದು ಕುರಿಯ ಕರುಳಿನಿಂದ ಹೊಸೆದ ತಂತಿ. ಮಂದ್ರದ ತಂತಿಗಳಿಗೆ ಮಾತ್ರ ಅದರ ಮೇಲೆ ಲೋಹದ ಸುತ್ತು. ಉಕ್ಕಿನ ತಂತಿ ಎಲ್ಲೆಡೆ ಬಳಕೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಉಕ್ಕು ಹೊಳೆಯುತ್ತದೆ, ದೊಡ್ಡ ಸಭಾಂಗಣದ ಕೊನೆಯ ಸಾಲನ್ನೂ ಮುಟ್ಟುತ್ತದೆ. ಕರುಳಿಗೆ ಅಷ್ಟು ಎತ್ತರದ ದನಿ ಇಲ್ಲ. ಆದರೆ ಅದರ ಸ್ವರದಲ್ಲಿ ಒಂದು ನವಿರಾದ ಒರಟುತನವಿದೆ. ಕಮಾನು ತಂತಿಯನ್ನು ಹಿಡಿದು ಬಿಡುವ ಸದ್ದು ಕೂಡ ಕಿವಿಗೆ ಬೀಳುತ್ತದೆ. ತಂಡದ ಐವರೂ ಕರುಳಿನ ತಂತಿಯಲ್ಲಿ ನುಡಿಸಿದಾಗ ದನಿಗಳು ಒಂದರೊಳಗೊಂದು ಕರಗಿ ಮುದ್ದೆಯಾಗುವುದಿಲ್ಲ, ಯಾರು ಏನು ಹೇಳುತ್ತಿದ್ದಾರೆಂದು ಬಿಡಿಬಿಡಿಯಾಗಿ ಕೇಳುತ್ತದೆ.

ಹೀಗೆ ಕೇಳಿದಾಗ ಮೊದಲು ಗಮನಕ್ಕೆ ಬರುವುದು ಕೃತಿಯ ಆರಂಭ. ಬ್ರೂಕ್ನರ್‌ನ ಹಲವು ಸಿಂಫನಿಗಳು ಟ್ರೆಮೊಲೊದಿಂದ, ಅಂದರೆ ಕಮಾನನ್ನು ಒಂದೇ ಸ್ವರದ ಮೇಲೆ ನಡುಗಿಸಿ ಹುಟ್ಟಿಸುವ ಮಂಜಿನಂಥ ಹಿನ್ನೆಲೆಯಿಂದ, ಮೆಲ್ಲಗೆ ಮೇಲೇಳುತ್ತವೆ. ಕ್ವಿಂಟೆಟ್‌ನಲ್ಲಿ ಆ ಮಂಜೇ ಇಲ್ಲ. ಚೆಲ್ಲೊ ಶ್ರುತಿ ಹಿಡಿದಂತೆ ಆಧಾರ ಸ್ವರದಲ್ಲಿ ನಿಲ್ಲುತ್ತದೆ, ಮೊದಲ ಪಿಟೀಲು ನೇರವಾಗಿ ಮಾತಿಗೆ ತೊಡಗುತ್ತದೆ. ಐದನೆಯ ಸಿಂಫನಿ ಮುಗಿಸಿ ಆರನೆಯದಕ್ಕೆ ಕೈಹಾಕುವ ಮುನ್ನ ಬರೆದ ಕೃತಿ ಇದು. ವಾದ್ಯವೃಂದದ ಸಂಪತ್ತೆಲ್ಲ ಅಂಗೈಯಲ್ಲಿದ್ದಾಗ ಅವನು ಇಷ್ಟು ಬರಿಗೈಯಲ್ಲಿ ಶುರುಮಾಡಿದ್ದು ಅಭ್ಯಾಸಬಲದಿಂದ ಆಗುವ ಕೆಲಸವಲ್ಲ, ಅದೊಂದು ಆಯ್ಕೆ. ಮೂರನೆಯ, ನಿಧಾನಗತಿಯ ಭಾಗವಾದ ಅಡಾಜಿಯೊ ಇನ್ನೂ ದೊಡ್ಡ ಸಾಕ್ಷಿ. ಕೃತಿಯ ಮೂಲ ನೆಲೆಗಿಂತ ಅರ್ಧ ಸ್ವರವಷ್ಟೇ ಮೇಲಿರುವ, ಆದರೆ ಸಂಬಂಧದಲ್ಲಿ ಬಹುದೂರದ ಜಿ ಫ್ಲಾಟ್ ಮೇಜರ್‌ನಲ್ಲಿ ಅದು ಸಾಗುತ್ತದೆ. ಪಕ್ಕದ ಮನೆಯ ಬಾಗಿಲು ತೆರೆದರೆ ಬೇರೊಂದು ಊರೇ ಕಂಡಂತೆ. ಅಲ್ಲಿ ಎರಡನೆಯ ಮುಖ್ಯ ರಾಗರೇಖೆ ಬರುವುದು ಪಿಟೀಲಿನಲ್ಲಲ್ಲ, ವಯೋಲಾದಲ್ಲಿ. ಪಿಟೀಲಿಗಿಂತ ತಗ್ಗಿದ, ಸಾಮಾನ್ಯವಾಗಿ ಮಧ್ಯದಲ್ಲಿ ಅಡಗಿಕೊಳ್ಳುವ ಈ ವಾದ್ಯ ಕರುಳಿನ ತಂತಿಯಲ್ಲಿ ಮನುಷ್ಯನ ಕಂಠಕ್ಕೆ ತೀರ ಹತ್ತಿರ ಬರುತ್ತದೆ. ಬ್ರೂಕ್ನರ್ ಎರಡು ವಯೋಲಾ ಏಕೆ ಬಯಸಿದ ಎಂಬುದು ಇಲ್ಲಿ ತಾನಾಗಿ ತಿಳಿಯುತ್ತದೆ.

ಈ ವಾದಕ್ಕೆ ಆಕ್ಷೇಪಗಳಿವೆ, ಹಗುರಾದವೂ ಅಲ್ಲ. ಕೊನೆಯ ಭಾಗದ ಮುಕ್ತಾಯದಲ್ಲಿ ಐದು ವಾದ್ಯಗಳೂ ಶಕ್ತಿಮೀರಿ ಏರುವಾಗ ಇಲ್ಲಿ ತುತ್ತೂರಿಗಳು ಇರಬೇಕಿತ್ತು ಎನ್ನಿಸುವುದು ನಿಜ. ಅದನ್ನು ನಾನು ಅಲ್ಲಗಳೆಯಲಾರೆ. ಆ ಕೆಲವು ಕ್ಷಣಗಳಲ್ಲಿ ಸಿಂಫನಿಕಾರ ಗೆದ್ದಿದ್ದಾನೆ. ಅಡಾಜಿಯೊವನ್ನು ತಂತಿವಾದ್ಯಗಳ ದೊಡ್ಡ ವೃಂದಕ್ಕೆ ಅಳವಡಿಸಿ ನುಡಿಸುವ ರೂಢಿಯನ್ನೂ ಸಾಕ್ಷಿಯಾಗಿ ಮುಂದಿಡುತ್ತಾರೆ. ವೃಂದದಲ್ಲಿ ಅದು ಸೊಗಸಾಗಿಯೇ ಕೇಳುತ್ತದೆ. ಆದರೆ ಒಬ್ಬ ವಾದಕಿ ಒಂದು ಸ್ವರವನ್ನು ತಡೆದು, ಉಳಿದ ನಾಲ್ವರು ಅವಳ ಉಸಿರಿಗೆ ಕಾಯುವ ಸೂಕ್ಷ್ಮ ಮೂವತ್ತು ಜನರ ನಡುವೆ ಉಳಿಯುವುದಿಲ್ಲ. ಮತ್ತೊಂದು ಆಕ್ಷೇಪ ಇನ್ನೂ ಹರಿತ: ಕರುಳಿನ ತಂತಿ ಕಟ್ಟಿದರೆ ಯಾವ ಕೃತಿಯೂ ಆಪ್ತವೇ, ಇದರಲ್ಲಿ ಬ್ರೂಕ್ನರ್‌ನ ಪಾಲೇನು? ಅದಕ್ಕೆ ಉತ್ತರ, ಹಳೆಯ ಕಾಲದ ಈ ವಾದನರೀತಿಯನ್ನು ಅನುಸರಿಸದ ಅಮೇಡಿಯಸ್ ಕ್ವಾರ್ಟೆಟ್ ತಂಡ ವಯೋಲಾ ವಾದಕ ಸೆಸಿಲ್ ಅರೊನೊವಿಟ್ಸ್ ಜೊತೆ ಮಾಡಿದ ಹಳೆಯ ಮುದ್ರಣದಲ್ಲಿ ಸಿಗುತ್ತದೆ. ಅಲ್ಲಿನ ದನಿ ಹೆಚ್ಚು ತುಂಬು, ಹೆಚ್ಚು ಬೆಚ್ಚಗೆ. ಆದರೂ ಅದೇ ಸಂಭಾಷಣೆ, ವಯೋಲಾಕ್ಕೆ ಅದೇ ಗೌರವ. ಆಪ್ತತೆ ಸ್ವರಲಿಪಿಯಲ್ಲೇ ಇದೆ. ಕರುಳಿನ ತಂತಿ ಅದರ ಮೇಲಿನ ಪರದೆಯನ್ನು ಸರಿಸುತ್ತದೆ, ಅಷ್ಟೆ.

ಲಾರ್ಕಿಬುಡೆಲ್ಲಿಯ ಮುದ್ರಣದಲ್ಲಿ ಕ್ವಿಂಟೆಟ್‌ನ ಜೊತೆಗೆ 1862ರ ಸಿ ಮೈನರ್ ಕ್ವಾರ್ಟೆಟ್ ಕೂಡ ಇದೆ. ಆಗ ಮೂವತ್ತೆಂಟರ ಆಸುಪಾಸಿನಲ್ಲಿದ್ದ ಬ್ರೂಕ್ನರ್, ತನಗಿಂತ ಹತ್ತು ವರ್ಷ ಕಿರಿಯನಾದ ಓಟೊ ಕಿಟ್ಸ್ಲರ್ ಬಳಿ ವಿದ್ಯಾರ್ಥಿಯಾಗಿ ಕುಳಿತು ಅಭ್ಯಾಸಕ್ಕೆಂದು ಬರೆದದ್ದು. ಅಚ್ಚುಕಟ್ಟಾಗಿದೆ, ಆದರೆ ಎರವಲು ದನಿ. ಇಂಟರ್‌ಮೆಟ್ಸೊ ಎಂಬ ಇನ್ನೊಂದು ತುಣುಕಿನ ಕತೆ ನಮ್ಮ ವಾದಕ್ಕೆ ನೇರ ಸಂಬಂಧಪಟ್ಟದ್ದು. ಕ್ವಿಂಟೆಟ್ ಬರೆಯುವಂತೆ ಕೇಳಿದ್ದ ವಿಯೆನ್ನಾದ ಪ್ರಸಿದ್ಧ ಪಿಟೀಲು ವಾದಕ ಯೋಸೆಫ್ ಹೆಲ್ಮೆಸ್‌ಬರ್ಗರ್, ಅದರ ಚುರುಕುಗತಿಯ ಸ್ಕೆರ್ಟ್ಸೊ ಭಾಗ ನುಡಿಸಲು ತೀರ ಕಷ್ಟ ಎಂದು ಹಿಂಜರಿದ. ಬ್ರೂಕ್ನರ್ ಬದಲಿಗೆಂದು ಬರೆದುಕೊಟ್ಟದ್ದೇ ಈ ಇಂಟರ್‌ಮೆಟ್ಸೊ. ಆ ಸ್ಕೆರ್ಟ್ಸೊದ ಕಷ್ಟ ದನಿ ದೊಡ್ಡದು ಮಾಡುವುದರಲ್ಲಿಲ್ಲ, ಐವರು ಒಬ್ಬರ ಮಾತಿನ ತುದಿಯನ್ನು ಮತ್ತೊಬ್ಬರು ಕ್ಷಣವೂ ತಪ್ಪದೆ ಎತ್ತಿಕೊಳ್ಳುವುದರಲ್ಲಿದೆ. ಹೆಲ್ಮೆಸ್‌ಬರ್ಗರ್ ತನ್ನ ತಂಡದೊಂದಿಗೆ ಕ್ವಿಂಟೆಟ್ ನುಡಿಸಿದ್ದು 1885ರ ಜನವರಿಯಲ್ಲಿ, ಕೃತಿ ಮುಗಿದು ಐದು ವರ್ಷ ಕಳೆದ ಮೇಲೆ.