ದೂರದ ವಿಮಾನಯಾನಕ್ಕೆ ಯಾವ ಸೀಟು?

ಪ್ರಶ್ನೆ: ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗುವಾಗ ವಿಮಾನದಲ್ಲಿ ಕಾಲು ಊದಿಕೊಳ್ಳುವುದೇಕೆ? ತಪ್ಪಿಸುವುದು ಹೇಗೆ?

ಉತ್ತರ: ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯು. ಕೂತೇ ಇದ್ದರೆ ಅದಕ್ಕೆ ಕೆಲಸವಿಲ್ಲ. ನೀರು ಪಾದಕ್ಕಿಳಿದು ನಿಲ್ಲುತ್ತದೆ, ಬಿಚ್ಚಿಟ್ಟ ಶೂ ಮತ್ತೆ ಹತ್ತುವುದಿಲ್ಲ. ಹಾಗಾಗಿ ಕತ್ತಿನ ದಿಂಬಿಗಿಂತ ಮೊದಲು ಯೋಚಿಸಬೇಕಾದದ್ದು ಓಡಾಡುವ ದಾರಿಯ ಪಕ್ಕದ ಸೀಟಿನ ಬಗ್ಗೆ. ಕಿಟಕಿ ಪಕ್ಕ ನಿದ್ದೆ ಚೆನ್ನಾಗಿ ಬರುತ್ತದೆ ಎನ್ನುವವರಿದ್ದಾರೆ, ನಿಜವೇ. ಆದರೆ ಪಕ್ಕದವರನ್ನು ಎಬ್ಬಿಸುವ ಸಂಕೋಚಕ್ಕೆ ಅಲ್ಲಿ ಕೂತವರು ಏಳುವುದನ್ನೂ ನೀರು ಕುಡಿಯುವುದನ್ನೂ ಬಿಟ್ಟುಬಿಡುತ್ತಾರೆ. ಒಳಗಿನ ಗಾಳಿಯ ತೇವಾಂಶವೋ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ. 4 ಗಂಟೆ ಮೀರಿ ಕೂತು ಪ್ರಯಾಣಿಸಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಆರೋಗ್ಯವಂತರಿಗೆ ಆ ಅಪಾಯ ತೀರ ಚಿಕ್ಕದು. ಗರ್ಭಿಣಿಯರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು ಮಾತ್ರ ಟಿಕೆಟ್ ತೆಗೆಯುವ ಮೊದಲೇ ವೈದ್ಯರನ್ನು ಕೇಳಿ.