ಸಂಖ್ಯೆ ಅಮ್ಮನದು, ಒಟಿಪಿ ನನಗೆ

ಚಿಕಿತ್ಸೆಗೆಂದು ದೆಹಲಿಗೆ ಬಂದು ಚಾಣಕ್ಯಪುರಿಯ ಕರ್ನಾಟಕ ಭವನದಲ್ಲಿ ಇಳಿದುಕೊಳ್ಳುವ ನಮ್ಮೂರಿನವರ ಕೈಯಲ್ಲಿ ವರದಿಗಳ ಪ್ಲಾಸ್ಟಿಕ್ ಚೀಲವನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆ ಚೀಲದ ಭಾರ ಇಳಿಸಬಲ್ಲದು. 14 ಅಂಕಿಯ ‘ಆಭಾ’ ಸಂಖ್ಯೆಗೆ ಜೋಡಿಸಿದ ದಾಖಲೆಯನ್ನು, ರೋಗಿ ಒಪ್ಪಿದರೆ, ಇಲ್ಲಿನ ವೈದ್ಯರೂ ನೋಡಬಹುದು. ಆದರೆ ಊರಿನ ಆಸ್ಪತ್ರೆ ಚೀಟಿಯಲ್ಲೇ ಬರೆದುಕೊಟ್ಟರೆ ಸಂಖ್ಯೆ ಇದ್ದೂ ಕಡತ ಖಾಲಿ.

ಇನ್ನೊಂದು ಪ್ರಶ್ನೆ ಒಪ್ಪಿಗೆಯದು. ಹಾಸನದಲ್ಲಿರುವ ಅಮ್ಮನ ಆಭಾಗೆ ಜೋಡಿಸಿರುವುದು ನನ್ನ ಮೊಬೈಲ್. ಒಟಿಪಿ ಬರುವುದೂ ನನಗೇ. ದೂರದಲ್ಲಿರುವ ಮಕ್ಕಳಿಗೆ ಇದು ಅನುಕೂಲ. ಆದರೆ ಕಾಯಿಲೆ ಅಮ್ಮನದು. ಯಾವ ವರದಿಯನ್ನು, ಯಾರಿಗೆ, ಎಷ್ಟು ದಿನ ತೋರಿಸಬೇಕೆಂದು ಅಮ್ಮನನ್ನೇ ಕನ್ನಡದಲ್ಲಿ ಕೇಳುವವರು ಊರಿನ ಆಸ್ಪತ್ರೆಯ ಕೌಂಟರಿನಲ್ಲಿ ಬೇಕು. ಡಿಜಿಟಲ್ ಆರೋಗ್ಯ ಗೆಲ್ಲುವುದೋ ಸೋಲುವುದೋ ಅಲ್ಲೇ.