ಸಕ್ಕರೆ ಕಾಯಿಲೆಯವರು ಕಣ್ಣಿನ ಒಳಗನ್ನೂ ತೋರಿಸಿಕೊಳ್ಳಬೇಕು

ನನ್ನ ಆಪಾ ಪ್ರತಿದಿನ ಫಜರ್ ನಮಾಜಿನ ನಂತರ ಕುರ್‌ಆನ್ ಓದುತ್ತಿದ್ದರು. ಒಂದು ದಿನ "ಸಾಲುಗಳು ಸೊಟ್ಟಗೆ ಕಾಣ್ತಿವೆ, ಕನ್ನಡಕ ಬದಲಾಯಿಸಬೇಕು" ಎಂದರು. ಹಿರಿಯೂರಿಗೆ ಹೋಗಿ ಬದಲಾಯಿಸಿದೆವು. ಆರು ತಿಂಗಳಲ್ಲಿ ಮತ್ತೊಮ್ಮೆ ಬದಲಾಯಿಸಿದೆವು. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದ ಅವರ ಕಣ್ಣಿನ ಒಳಭಾಗವನ್ನು ಒಮ್ಮೆಯೂ ತೋರಿಸಿರಲಿಲ್ಲ. ಕೊನೆಗೆ ತೋರಿಸಿದಾಗ ಎಡಗಣ್ಣಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಶಾಲೆಯಲ್ಲಿ ವರ್ಷವೂ ಮಕ್ಕಳಿಂದ ಕಣ್ಣಿನ ಚಿತ್ರ ಬರೆಸಿ ಭಾಗಗಳನ್ನು ಗುರುತಿಸಲು ಹೇಳುತ್ತಿದ್ದ ನನಗೇ ಇದು ಹೊಳೆಯಲಿಲ್ಲ. ಟ್ರಸ್ಟಿನವರು ವಾರ್ಷಿಕ ವರದಿಗೆ ಲೇಖನ ಕೇಳಿದಾಗ ಈ ವಿಷಯವನ್ನೇ ಆರಿಸಿಕೊಂಡೆ.

ಕಣ್ಣಿನ ಹಿಂಭಾಗದಲ್ಲಿ ನೋಟವನ್ನು ಹಿಡಿಯುವ ತೆಳುವಾದ ಪರದೆಯಿದೆ. ಅದೇ ಅಕ್ಷಿಪಟಲ, ಅಂದರೆ ರೆಟಿನಾ. ಅದಕ್ಕೆ ರಕ್ತ ಒದಗಿಸುವ ನಾಳಗಳು ಕೂದಲಿಗಿಂತ ಸಣ್ಣವು. ನಮ್ಮ ತಾಲ್ಲೂಕಿನವರಿಗೆ ವಾಣಿವಿಲಾಸ ಸಾಗರದ ನಾಲೆಗಳನ್ನು ನೆನಪಿಸಿದರೆ ಸಾಕು. ನಾಲೆಯ ಗೋಡೆ ಸಡಿಲವಾದರೆ ನೀರು ಜಿನುಗಿ ಪಕ್ಕದ ಹೊಲ ಜವುಗಾಗುತ್ತದೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಈ ನಾಳಗಳೂ ಹಾಗೆಯೇ ಜಿನುಗುತ್ತವೆ. ಪರದೆಯ ನಡುಭಾಗ ಊದಿಕೊಂಡರೆ ಅಕ್ಷರದ ಸಾಲು ಸೊಟ್ಟಗೆ ಕಾಣುತ್ತದೆ. ಕೆಲವು ನಾಳಗಳು ಪೂರ್ತಿ ಮುಚ್ಚಿಹೋಗುತ್ತವೆ. ಆಗ ರಕ್ತ ಸಿಗದ ಪರದೆ ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಆದರೆ ಅವು ಬಲವಿಲ್ಲದವು. ಒಡೆದರೆ ಕಣ್ಣಿನೊಳಗೆ ರಕ್ತ ತುಂಬುತ್ತದೆ. ಇಷ್ಟೆಲ್ಲ ನಡೆಯುವಾಗಲೂ ನೋವಿಲ್ಲ, ಕೆಂಪಾಗುವುದಿಲ್ಲ, ಬಹುಕಾಲ ನೋಟವೂ ಕುಗ್ಗುವುದಿಲ್ಲ. ಜನ ಮೋಸಹೋಗುವುದು ಇಲ್ಲಿಯೇ. ಇದು ಪೊರೆಯೂ ಅಲ್ಲ, ಕನ್ನಡಕದಿಂದ ಸರಿಹೋಗುವ ದೋಷವೂ ಅಲ್ಲ.

ದೇಶದ ಹಲವು ರಾಜ್ಯಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, 40 ವರ್ಷ ದಾಟಿದ ಸಕ್ಕರೆ ಕಾಯಿಲೆಯವರ ಪೈಕಿ ನೂರಕ್ಕೆ 12ಕ್ಕಿಂತ ಹೆಚ್ಚು ಮಂದಿಗೆ ಈ ತೊಂದರೆ ಕಂಡುಬಂತು. ಅವರಲ್ಲಿ ನಾಲ್ವರದು ದೃಷ್ಟಿಗೇ ಅಪಾಯವಿರುವ ಹಂತ. ಇಷ್ಟು ಜನರನ್ನು ಹಳ್ಳಿಗಳಲ್ಲಿ ಹುಡುಕುವುದು ಹೇಗೆ? ರೆಟಿನಾ ತಜ್ಞರು ಇರುವುದು ದೊಡ್ಡ ಊರುಗಳಲ್ಲಿ.

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್‌ನ ನೇತ್ರತಜ್ಞೆ ಡಾ. ಆರ್. ರಾಜಲಕ್ಷ್ಮಿ ಒಬ್ಬರು. ಅವರು ಬಳಸಿದ್ದು ನಮ್ಮ ಬೆಂಗಳೂರಿನ ರೆಮಿಡಿಯೊ ಸಂಸ್ಥೆ ತಯಾರಿಸಿದ, ಮೊಬೈಲ್ ಫೋನ್ ಜೋಡಿಸಿದ ಕ್ಯಾಮೆರಾ. ಮೊದಲು ಅದರ ಚಿತ್ರಗಳನ್ನು ಆಸ್ಪತ್ರೆಯ ದೊಡ್ಡ ಯಂತ್ರದ ಚಿತ್ರಗಳೊಂದಿಗೆ ಹೋಲಿಸಿ 2015ರಲ್ಲಿ ವರದಿ ಪ್ರಕಟಿಸಿದರು. ನಂತರ ಅಂಥ ಚಿತ್ರಗಳನ್ನು ಕಂಪ್ಯೂಟರ್ ತಾನೇ ಓದಬಲ್ಲದೇ ಎಂದು ಪರೀಕ್ಷಿಸಿದರು. 2018ರ ಆ ವರದಿಯಲ್ಲಿ 296 ರೋಗಿಗಳ ಲೆಕ್ಕವಿದೆ. ತೊಂದರೆ ಇದ್ದ ನೂರು ಮಂದಿಯಲ್ಲಿ ಸುಮಾರು 96 ಮಂದಿಯನ್ನು, ದೃಷ್ಟಿಗೆ ಅಪಾಯವಿದ್ದವರಲ್ಲಿ 99 ಮಂದಿಯನ್ನು ಕಂಪ್ಯೂಟರ್ ಗುರುತಿಸಿತು. ತೊಂದರೆ ಇಲ್ಲದ ನೂರರಲ್ಲಿ ಸುಮಾರು 20 ಮಂದಿಯನ್ನು "ಇದೆ" ಎಂದೂ ಹೇಳಿತು. ಲೆಕ್ಕದ ಮೇಷ್ಟ್ರಾದರೆ ಇದನ್ನು ತಪ್ಪೆಂದು ಕೆಂಪು ಗೆರೆ ಎಳೆಯಬಹುದು, ನಾನು ಎಳೆಯುವುದಿಲ್ಲ. ಸುಳ್ಳು ಎಚ್ಚರಿಕೆಗೆ ತಗಲುವುದು ಒಂದು ಸಲದ ಬಸ್ ಚಾರ್ಜು, ಅಷ್ಟೆ. ತಪ್ಪಿಹೋದ ಎಚ್ಚರಿಕೆಗೆ ತೆರುವ ಬೆಲೆ ಆಪಾನ ಎಡಗಣ್ಣು. ಆದರೆ ಯಂತ್ರ ಚಿಕಿತ್ಸೆ ಕೊಡುವುದಿಲ್ಲ. ಅದು ಹೇಳಿದ ಮೇಲೆ ತಜ್ಞರ ಬಳಿ ಹೋಗಲೇಬೇಕು.

ಚಿಕಿತ್ಸೆ ಇದೆಯೇ? ಇದೆ. ಪರದೆಯ ಅಂಚಿಗೆ ಲೇಸರ್ ಕೊಟ್ಟರೆ ತೀವ್ರ ದೃಷ್ಟಿನಾಶ ಅರ್ಧಕ್ಕಿಂತ ಕಡಿಮೆಯಾಗುತ್ತದೆಂದು ಅಮೆರಿಕದ ದೊಡ್ಡ ಅಧ್ಯಯನವೊಂದು 1976ರಲ್ಲೇ ತೋರಿಸಿತು. ಇಟಲಿಯಲ್ಲಿ ಹುಟ್ಟಿದ ವಿಜ್ಞಾನಿ ನೆಪೋಲಿಯೋನೆ ಫೆರಾರಾ ಮತ್ತು ಸಂಗಡಿಗರು 1989ರಲ್ಲಿ, ಹೊಸ ರಕ್ತನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ಗುರುತಿಸಿದರು. ಸಕ್ಕರೆ ಕಾಯಿಲೆಯಿಂದ ಹಾಳಾದ ಕಣ್ಣುಗಳಲ್ಲಿ ಅದು ಹೆಚ್ಚಿರುವುದು 1994ರಲ್ಲಿ ತಿಳಿಯಿತು. ಈಗ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದು ಆ ಪ್ರೋಟೀನನ್ನೇ ತಡೆಯುತ್ತದೆ. ಕಣ್ಣಿಗೆ ಸೂಜಿ ಎಂದರೆ ಎಲ್ಲರೂ ಹೆದರುತ್ತಾರೆ. ಡ್ರಾಪ್ಸ್ ಹಾಕಿ ಮರಗಟ್ಟಿಸಿದ ಮೇಲೆ ಕೊಡುವುದರಿಂದ ಹೆಚ್ಚು ನೋವಾಗದು, ಕೆಲವೇ ಕ್ಷಣಗಳ ಕೆಲಸ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಹಲವು ತಿಂಗಳು ಹಾಕಿಸಬೇಕು. ನಡುವೆ ಬಿಡುವವರೇ ಹೆಚ್ಚು. ಔಷಧಿಗಳ ಬೆಲೆಯಲ್ಲಿ ಬಹಳ ವ್ಯತ್ಯಾಸವಿದೆ. ಖರ್ಚಿಗೆ ಹೆದರಿ ಬಿಡುವ ಬದಲು ಕಡಿಮೆ ಬೆಲೆಯದು ಇದೆಯೇ ಎಂದು ವೈದ್ಯರನ್ನೇ ಕೇಳಿ. ಆಪಾನ ಬಲಗಣ್ಣು ಉಳಿದದ್ದು ಲೇಸರ್ ಮತ್ತು ಈ ಚುಚ್ಚುಮದ್ದಿನಿಂದ.

ಹೋದ ನೋಟ ಹೆಚ್ಚಾಗಿ ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು. ಆದ್ದರಿಂದ ದೊಡ್ಡವರಲ್ಲಿ ಸಾಮಾನ್ಯವಾಗಿ ಬರುವ ಸಕ್ಕರೆ ಕಾಯಿಲೆ ಪತ್ತೆಯಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಬೇಕು. ಮೊದಲೇ ಕಾಯಿಲೆಯಿದ್ದು ಗರ್ಭಿಣಿಯಾದವರು ಮೊದಲ ತಿಂಗಳುಗಳಲ್ಲೇ ತೋರಿಸಬೇಕು. ಸಕ್ಕರೆಯ ಜೊತೆಗೆ ಬಿ.ಪಿ.ಯೂ ಹಿಡಿತದಲ್ಲಿರಲಿ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಮಂಜಾಗುತ್ತದೆ. ಬೈಕ್ ಓಡಿಸಿಕೊಂಡು ಹೋಗಬೇಡಿ, ಜೊತೆಗೆ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ. ರೋಜಾ ಕಾರಣಕ್ಕೆ ಪರೀಕ್ಷೆ ಮುಂದೂಡುವವರಿದ್ದಾರೆ. ಅಂಥವರು ರಂಜಾನಿಗೆ ಮುಂಚೆಯೇ ಮುಗಿಸಿಕೊಳ್ಳಲಿ. ಚುಚ್ಚುಮದ್ದಿನ ದಿನ ರಂಜಾನಿನಲ್ಲೇ ಬಂದರೆ ವೈದ್ಯರನ್ನೂ ಆಲಿಮರನ್ನೂ ಮೊದಲೇ ಕೇಳಿಕೊಳ್ಳಿ, ದಿನ ತಪ್ಪಿಸಬೇಡಿ.

ಪಿಯುಸಿ ವಿಜ್ಞಾನ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ವೈದ್ಯಕೀಯ ಸೀಟು ಸಿಗದಿದ್ದರೆ ಎಲ್ಲ ಮುಗಿಯಿತೆಂದು ಕೂರಬೇಡಿ. ಕಣ್ಣಿನ ಪರೀಕ್ಷೆಯನ್ನೇ ಕಲಿಸುವ ಬಿ.ಎಸ್ಸಿ. ಆಪ್ಟೋಮೆಟ್ರಿ ಕೋರ್ಸ್ ಇದೆ. ಕೊನೆಯ ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಇದನ್ನು ಕಲಿತವರು ಮೇಲೆ ಹೇಳಿದಂಥ ಕ್ಯಾಮೆರಾದಲ್ಲಿ ಚಿತ್ರ ತೆಗೆದು ಯಾರನ್ನು ತಜ್ಞರ ಬಳಿಗೆ ಕಳಿಸಬೇಕೆಂದು ಹೇಳಬಲ್ಲರು. ವಿದ್ಯಾರ್ಥಿವೇತನದ ಅರ್ಜಿ ಈ ವರದಿಯ ಕೊನೆಯ ಪುಟದಲ್ಲಿದೆ. ಹೆಣ್ಣುಮಕ್ಕಳೂ ಅರ್ಜಿ ಹಾಕಲಿ; ಆಪಾನಂಥ ಎಷ್ಟೋ ಹೆಂಗಸರು ಪರೀಕ್ಷೆಗೆ ಬಾರದಿರುವುದು ಎದುರಿಗೆ ಕೂರುವವರು ಗಂಡಸರೆಂಬ ಸಂಕೋಚದಿಂದ.